ಅಪ್ಪನ ಸಂಕಲ್ಪದಲ್ಲಿ ಹನ್ನೊಂದು ಹೆಸರು

ಮೂರು ತಿಂಗಳಿಗೊಮ್ಮೆ ಅಪ್ಪನನ್ನು ಮೆಲ್ಬರ್ನ್‌ನಿಂದ ಸಿಡ್ನಿಗೆ, ಸಿಡ್ನಿಯಿಂದ ಮೆಲ್ಬರ್ನ್‌ಗೆ ಸಾಗಿಸುವುದು ನನ್ನ ಮತ್ತು ನನ್ನ ತಮ್ಮನ ಕೆಲಸ. ತಮ್ಮ ಇರುವುದು ಬಾಕ್ಸ್ ಹಿಲ್‌ನಲ್ಲಿ, ನಾನು ಮ್ಯಾಕ್ವೆರಿ ಪಾರ್ಕ್‌ನ ಎರಡು ರೂಮಿನ ಅಪಾರ್ಟ್‌ಮೆಂಟಿನಲ್ಲಿ. ಪ್ರತಿ ಸಲವೂ ಅದೇ ಏರ್‌ಪೋರ್ಟು, ಅದೇ ಕ್ಯೂ, ಅದೇ ಮಾತ್ರೆ ಡಬ್ಬಿ. ಸೆಕ್ಯುರಿಟಿಯವರು ಸಾಲಿಗ್ರಾಮದ ಪೆಟ್ಟಿಗೆಯನ್ನು ಬಿಚ್ಚಿ ನೋಡುವಾಗ ಅಪ್ಪ ಮುಖ ತಿರುಗಿಸಿ ನಿಲ್ಲುತ್ತಾರೆ. ತಾವು ನೋಡದಿದ್ದರೆ ಅದನ್ನು ಯಾರೂ ಮುಟ್ಟಿದಂತಾಗುವುದಿಲ್ಲ ಎಂದು ಅವರ ನಂಬಿಕೆ. ನಾನೂ ಏನೂ ಹೇಳಲು ಹೋಗುವುದಿಲ್ಲ. ಆ ಹೊತ್ತಿಗೆ ನನಗೆ ಒಂದು ಕಾಫಿ ಸಿಕ್ಕಿದರೆ ಸಾಕಾಗಿರುತ್ತದೆ.

ಅಪ್ಪ ಅರಮನೆಯ ಪುರೋಹಿತರಾಗಿದ್ದವರು. ಇದನ್ನು ಹೇಳಿದ ಕೂಡಲೇ ಇಲ್ಲಿನ ಆಂಟಿಯರ ಕಣ್ಣು ಅಗಲವಾಗುತ್ತದೆ. ಆನೆ, ಅಂಬಾರಿ, ಚಿನ್ನದ ಸಿಂಹಾಸನ ಎಲ್ಲವನ್ನೂ ಅವರೇ ಕಲ್ಪಿಸಿಕೊಂಡುಬಿಡುತ್ತಾರೆ. ನಮ್ಮೂರಿನದು ಅಂಥ ಅರಮನೆಯಲ್ಲ. ಅದೊಂದು ಸಣ್ಣ ಸಂಸ್ಥಾನ. ಆಳುವುದಕ್ಕೆ ಏನೂ ಉಳಿಯದೆ ಎಷ್ಟೋ ಕಾಲವಾಗಿದ್ದ ಅರಸರು, ಮಳೆ ಬಂದರೆ ಬಕೆಟ್ ಇಡಬೇಕಾದ ದರ್ಬಾರ್ ಹಾಲ್. ಆದರೂ ಬೆಳಿಗ್ಗೆ ಐದಕ್ಕೆ ಅಲ್ಲಿನ ದೇವರ ಕೋಣೆಯಲ್ಲಿ ಸಂಕಲ್ಪ ತಪ್ಪುವಂತಿರಲಿಲ್ಲ. ಈ ಪೂಜೆ ಇಂಥವರ ಕ್ಷೇಮಕ್ಕಾಗಿ ಎಂದು ಅವರ ಗೋತ್ರ, ನಕ್ಷತ್ರ, ಹೆಸರು ಹೇಳಿ ದೇವರಿಗೆ ಅರಿಕೆ ಮಾಡುವುದೇ ಸಂಕಲ್ಪ. ಅರಸರದು, ಅವರ ಮಡದಿಯದು, ಮಕ್ಕಳದು, ಮೊಮ್ಮಕ್ಕಳದು ಸೇರಿ ಹನ್ನೊಂದು ಹೆಸರು. ನಲವತ್ತು ವರ್ಷ ಅಪ್ಪ ಅದನ್ನು ಕಾಗದ ನೋಡದೆ ಹೇಳಿದರು.

ನಮ್ಮ ಮನೆಯ ಪೂಜೆ ಅದಾದ ಮೇಲೆ. ಹತ್ತು ಗಂಟೆಗೆ ಅಪ್ಪ ಗಂಟಲು ಒಣಗಿಸಿಕೊಂಡು ಬರುತ್ತಿದ್ದರು. ಹತ್ತೇ ನಿಮಿಷದಲ್ಲಿ ನಮ್ಮ ದೇವರಿಗೆ ನೀರು, ಹೂವು, ಬೆಲ್ಲ. ಅಮ್ಮ, ತಮ್ಮ, ನಾನು ಮೂವರೂ ‘ಸಕುಟುಂಬ’ ಎನ್ನುವ ಒಂದೇ ಮಾತಿನಲ್ಲಿ ಮುಗಿದುಹೋಗುತ್ತಿದ್ದೆವು. ಆಗ ನನಗೆ ಅದರಿಂದ ಬೇಜಾರೇನೂ ಆಗಿರಲಿಲ್ಲ. ಬೆಲ್ಲ ಬೇಗ ಸಿಗುತ್ತಿತ್ತಲ್ಲ.

ಹಿರಿಯ ಅರಸರು ಹೋದ ಮೇಲೆ ಮಕ್ಕಳು ಅರಮನೆಯನ್ನು ಮದುವೆ ಸಮಾರಂಭಗಳಿಗೆ ಕೊಡತೊಡಗಿದರು. ದೇವರ ಕೋಣೆಗೆ ಬೀಗ ಬಿತ್ತು. ಅಪ್ಪನಿಗೆ ಒಂದು ಶಾಲು ಹೊದಿಸಿ, ಫೋಟೋ ತೆಗೆದು, ಇನ್ನು ವಿಶ್ರಾಂತಿ ತಗೊಳ್ಳಿ ಎಂದರು. ಅಮ್ಮ ಆಗಲೇ ತೀರಿಕೊಂಡಿದ್ದಳು. ಅಪ್ಪ ಇಲ್ಲಿಗೆ ಬಂದರು, ಹನ್ನೊಂದು ಹೆಸರುಗಳನ್ನೂ ಜೊತೆಗೇ ತಂದರು. ಸಿಡ್ನಿಯಲ್ಲಿ ನನ್ನ ಅಡುಗೆಮನೆಯ ಪ್ಯಾಂಟ್ರಿಯಲ್ಲಿ, ಬೇಳೆ ಡಬ್ಬಗಳ ಮೇಲಿನ ಶೆಲ್ಫಿನಲ್ಲಿ ದೇವರು. ಸ್ಮೋಕ್ ಅಲಾರಂ ಹೊಡೆದುಕೊಂಡೀತೆಂದು ಬಾಲ್ಕನಿ ಬಾಗಿಲು ತೆಗೆದಿಟ್ಟು, ಚಳಿಯಲ್ಲಿ ಪಂಚೆಯುಟ್ಟು ನಿಂತು, ಅಪ್ಪ ಇನ್ನೂ ಅರಮನೆಯವರ ಕ್ಷೇಮವನ್ನೇ ಕೇಳುತ್ತಿದ್ದರು. ವಾಟ್ಸಾಪಿನಲ್ಲಿ ಆ ಮನೆಯ ಯಾವುದೋ ಮಗುವಿನ ಫೋಟೋ ಬಂದರೆ ಹುಟ್ಟಿದ ಹೊತ್ತು ಕೇಳಿ ತಿಳಿದುಕೊಂಡು ನಕ್ಷತ್ರ ಗುಣಿಸುತ್ತಿದ್ದರು. ಯಾರಾದರೂ ತೀರಿಕೊಂಡರೆ ಒಂದು ಹೆಸರು ಬಿಡುತ್ತಿದ್ದರು. ಹೇಗೋ ಸಂಖ್ಯೆ ಮಾತ್ರ ಹನ್ನೊಂದೇ ಉಳಿಯುತ್ತಿತ್ತು. ಅವರಲ್ಲಿ ಯಾರೂ ಅಪ್ಪನಿಗೆ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳಿದ್ದು ನಾನು ಕಾಣೆ.

ಹೋದ ಚಳಿಗಾಲದಲ್ಲಿ ನನ್ನ ಕುತ್ತಿಗೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಥೈರಾಯ್ಡಿನದು. ಸೂಜಿ ಹಾಕಿ ನೋಡಿದ ಡಾಕ್ಟರು ಖಚಿತವಾಗಿ ಏನೂ ಹೇಳಲಿಲ್ಲ, ತೆಗೆದು ನೋಡಿದ ಮೇಲೆಯೇ ಗೊತ್ತಾಗುವುದು ಎಂದರು. ಆಫೀಸಿನಲ್ಲಿ ರಜೆ ಬರೆದುಕೊಟ್ಟು, ಸೊಪ್ಪು ಹೆಚ್ಚಿ ಫ್ರೀಜರಿಗೆ ಹಾಕಿ, ಅಪ್ಪನ ಮಾತ್ರೆಗಳನ್ನು ವಾರಕ್ಕೆ ಜೋಡಿಸಿಟ್ಟೆ. ಹೆದರುವುದಕ್ಕೆ ಪುರುಸೊತ್ತೇ ಇರಲಿಲ್ಲ. ಆಪರೇಷನ್‌ಗೆ ಎರಡು ದಿನ ಮೊದಲು ಆಸ್ಪತ್ರೆಯಲ್ಲಿ ಫಾರ್ಮುಗಳನ್ನು ತುಂಬುತ್ತಾ ಕೂತಿದ್ದಾಗ ಒಬ್ಬ ವಯಸ್ಸಾದ ಹೆಂಗಸು ಪಕ್ಕಕ್ಕೆ ಬಂದು ಕೂತರು. ಆಸ್ಪತ್ರೆಯ ಚಾಪ್ಲೇನ್ ಅಂತೆ, ರೋಗಿಗಳಿಗಾಗಿ ಪ್ರಾರ್ಥನೆ ಮಾಡುವವರು. ನೀವು ಯಾವ ಧರ್ಮದವರಾದರೂ ಸರಿ, ಆ ದಿನ ಬೆಳಿಗ್ಗೆ ನಿಮಗಾಗಿ ಪ್ರಾರ್ಥಿಸಲೇ ಎಂದು ಕೇಳಿದರು. ನಾನು ಹೂಂ ಎಂದೆ. ಚಿಕ್ಕ ನೋಟ್‌ಬುಕ್ ತೆಗೆದರು. ನಾನು ಹೆಸರು ಹೇಳಿ, ಗೋತ್ರ ನಕ್ಷತ್ರದ ಅಭ್ಯಾಸ ಬಲದಿಂದ ಇನ್ನೇನೇನು ಹೇಳಬೇಕು ಎಂದೆ. ನಿಮ್ಮ ಹೆಸರು ಸಾಕು ಎಂದು ಬರೆದುಕೊಂಡು ಎದ್ದು ಹೋದರು.

ಕಾರಿನಲ್ಲಿ ಕೂತ ಮೇಲೆ ನನಗೆ ಅಳು ಬಂತು. ಅತ್ತುಬಿಟ್ಟೆ. ಗುರುತು ಪರಿಚಯವಿಲ್ಲದವಳ ಪುಸ್ತಕದಲ್ಲಿ ನನ್ನ ಹೆಸರಿದೆ, ನನ್ನ ಅಪ್ಪನ ಬಾಯಲ್ಲಿ ಇಲ್ಲ.

ಮದುವೆಯಾದ ಮೇಲೆ ಅಪ್ಪನ ‘ಸಕುಟುಂಬ’ದಿಂದಲೂ ನಾನು ಹೊರಬಿದ್ದಿದ್ದೆ. ಧಾರೆಯೆರೆದು ಕೊಟ್ಟ ಮೇಲೆ ಹುಡುಗಿ ಗಂಡನ ಗೋತ್ರದವಳು, ಅವಳ ಕ್ಷೇಮ ಕೇಳಿಕೊಳ್ಳುವುದು ಆ ಮನೆಯ ಕೆಲಸ. ಆರು ವರ್ಷಗಳ ಹಿಂದೆ ನನಗೆ ಡಿವೋರ್ಸ್ ಆಯಿತು. ಆ ಮನೆಯೂ ನನ್ನನ್ನು ಬಿಟ್ಟಿತು. ಹಾಗಾಗಿ ಆರು ವರ್ಷದಿಂದ ದೇವರ ಮುಂದೆ ನನ್ನ ಹೆಸರು ಹೇಳುವವರು ಯಾರೂ ಇರಲಿಲ್ಲ. ದೇವರ ಮೇಲೆ ನನಗೆ ಅಷ್ಟೇನೂ ಭಕ್ತಿಯಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೂ ಆ ಸಂಜೆ ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ಕೇಳಿಯೇಬಿಟ್ಟೆ.

“ಅಪ್ಪಾ, ಗುರುವಾರ ಬೆಳಿಗ್ಗೆ ನನ್ನ ಹೆಸರಲ್ಲಿ ಸಂಕಲ್ಪ ಮಾಡ್ತೀರಾ?”

ಅಪ್ಪ ಪಂಚಾಂಗದಿಂದ ತಲೆಯೆತ್ತಿದರು. “ಗೋತ್ರ ಏನಂತ ಹೇಳ್ಲಮ್ಮ?” ಎಂದರು.

“ನಿಮ್ಮದೇ ಹೇಳಿ.”

“ಹಾಗೆ ಬರಲ್ಲಮ್ಮ. ಕೊಟ್ಟಾಗಿದೆ. ಕೋರ್ಟಿನ ಕಾಗದದಿಂದ ಗೋತ್ರ ವಾಪಸ್ ಬರಲ್ಲ.”

“ಹಾಗಾದ್ರೆ ನಾನು ಯಾರಿಗೂ ಸೇರಿದವಳಲ್ವಾ?”

“ಗೊತ್ತಿಲ್ಲದೋರಿಗೆ ಕಾಶ್ಯಪ ಗೋತ್ರ ಅಂತ ಹೇಳೋದುಂಟು...” ಎಂದು ಮೆಲ್ಲಗೆ ಶುರು ಮಾಡಿದವರು ನನ್ನ ಮುಖ ನೋಡಿ ನಿಲ್ಲಿಸಿದರು.

ನನಗೆ ಪಿತ್ತ ನೆತ್ತಿಗೇರಿತು. ಹಿರಿಯ ಅರಸರ ಮಗಳೊಬ್ಬರು ನಾನು ಹೈಸ್ಕೂಲಿನಲ್ಲಿದ್ದಾಗ ಗಂಡನ ಮನೆ ಬಿಟ್ಟು ಅರಮನೆಗೆ ವಾಪಸ್ ಬಂದಿದ್ದರು. ಅವರ ಹೆಸರನ್ನು ಯಾವ ಗೋತ್ರದಲ್ಲಿ ಹೇಳುವುದು ಎಂದು ಆಗಲೂ ಪ್ರಶ್ನೆ ಬಂದಿತ್ತು. ಅರಸರು ಅಪ್ಪನನ್ನು ಕರೆಸಿ, ಅವಳು ನಮ್ಮ ಮಗಳು, ನಮ್ಮದರಲ್ಲೇ ಹೇಳಿ ಎಂದರಂತೆ. ಮಾರನೆಯ ದಿನದಿಂದಲೇ ಅಪ್ಪ ಹೇಳಿದರು. ಯಾವ ಶಾಸ್ತ್ರವೂ ಅಡ್ಡ ಬರಲಿಲ್ಲ. ಅದನ್ನು ಮನೆಯಲ್ಲಿ ಊಟಕ್ಕೆ ಕೂತಾಗ ಹೆಮ್ಮೆಯಿಂದ ವರ್ಣಿಸಿದ್ದು ನನಗೆ ಚೆನ್ನಾಗಿ ನೆನಪಿತ್ತು.

“ಆ ಅಮ್ಮಣ್ಣಿಗೆ ಮಾಡಿದ್ರಲ್ಲ?” ಎಂದೆ. “ಇವತ್ತು ಬೆಳಿಗ್ಗೇನೂ ನನ್ನ ಪ್ಯಾಂಟ್ರೀಲಿ ನಿಂತ್ಕೊಂಡು ಅವರ ಹೆಸರು ಹೇಳಿದ್ರಿ, ಅಪ್ಪನ ಮನೆ ಗೋತ್ರದಲ್ಲೇ.”

“ಅದು ಅರಸರ ಅಪ್ಪಣೆ ಆಗಿತ್ತಮ್ಮ.”

“ನನಗೆ ಅಪ್ಪಣೆ ಕೊಡೋದಕ್ಕೆ ಅರಸರಿಲ್ಲ. ಅಪ್ಪ ಇದ್ದಾರೆ ಅಂದ್ಕೊಂಡಿದ್ದೆ.”

ನಾನು ರೂಮಿಗೆ ಹೋಗಿ ತಮ್ಮನಿಗೆ ಫೋನ್ ಮಾಡಿದೆ. ಅವನು ಬಾಕ್ಸ್ ಹಿಲ್ ಸ್ಟೇಷನ್ನಿನ ಗದ್ದಲದಲ್ಲಿದ್ದ. “ಅಕ್ಕ, ಈಗ ಅಪ್ಪನ್ನ ಯಾಕೆ ಸ್ಟ್ರೆಸ್ ಮಾಡ್ತೀಯ? ಸರ್ಜನ್ ಒಳ್ಳೆಯವನಾ ನೋಡ್ಕೋ, ಸಾಕು,” ಎಂದ. ಅವನು ಹೇಳಿದ್ದು ತಪ್ಪೇನಲ್ಲ. ಅವನ ಹೆಸರು ಹೇಗೂ ‘ಸಕುಟುಂಬ’ದಲ್ಲಿ ಸುರಕ್ಷಿತವಾಗಿದೆ.

ಮರುದಿನವೆಲ್ಲ ಅಪ್ಪನೂ ನಾನೂ ಬೇಕಾದಷ್ಟೇ ಮಾತಾಡಿದೆವು. ಸಾರಿಗೆ ಉಪ್ಪು ಸಾಕಾ, ಗೀಸರ್ ಆಫ್ ಮಾಡಿದ್ದೀರಾ. ಅವರು ಮಧ್ಯಾಹ್ನ ಮಲಗಲಿಲ್ಲ. ತಾವು ತಂದಿದ್ದ ಹಳೆಯ ಪುಸ್ತಕಗಳನ್ನು ಒಂದೊಂದಾಗಿ ತಿರುವಿ ಹಾಕುತ್ತಿದ್ದರು, ಎಲ್ಲೋ ಒಂದು ಸಾಲು ತಮಗೆ ಅನುಮತಿ ಕೊಟ್ಟೀತೇನೋ ಎಂಬಂತೆ. ಸಂಜೆಯ ಹೊತ್ತಿಗೆ ಎಲ್ಲವನ್ನೂ ಮುಚ್ಚಿ ಚೀಲಕ್ಕೆ ಹಾಕಿದರು. ಸಿಗಲಿಲ್ಲವೆಂದು ನನಗೆ ಅರ್ಥವಾಯಿತು. ಕೋಪಕ್ಕೂ ಶಕ್ತಿ ಬೇಕು, ನನ್ನಲ್ಲಿ ಉಳಿದಿರಲಿಲ್ಲ. ಹೋಗಲಿ ಬಿಡು ಎಂದುಕೊಂಡು ಆಸ್ಪತ್ರೆಯ ಬ್ಯಾಗು ಜೋಡಿಸಿದೆ.

ಗುರುವಾರ ಬೆಳಿಗ್ಗೆ ಆರಕ್ಕೆ ಕ್ಯಾಬ್ ಬುಕ್ ಮಾಡಿದ್ದೆ. ಐದೂವರೆಗೆ ಸ್ನಾನ ಮುಗಿಸಿ ಬಂದರೆ ಬಾಲ್ಕನಿ ಬಾಗಿಲು ತೆಗೆದಿತ್ತು, ದೀಪ ಹಚ್ಚಿತ್ತು. ಅಪ್ಪ ಕೆಂಪು ಅಂಚಿನ ಮಡಿ ಪಂಚೆಯುಟ್ಟು ಪ್ಯಾಂಟ್ರಿಯ ಮುಂದೆ ನಿಂತಿದ್ದರು. ಸಂಕಲ್ಪ ಶುರುವಾಗಿತ್ತು. ಸಂವತ್ಸರ, ಮಾಸ, ತಿಥಿ ಎಲ್ಲ ನೀರು ಹರಿದ ಹಾಗೆ ಬಂತು. ಗೋತ್ರ ಹೇಳುವ ಜಾಗದಲ್ಲಿ ನಿಂತುಹೋಯಿತು. ನಾನು ಬ್ಯಾಗು ಹಿಡಿದುಕೊಂಡು ಹಾಲಿನಲ್ಲಿ ನಿಂತೆ. ಕೆಳಗೆ ಯಾರೋ ಕಸದ ಬಿನ್ ಎಳೆದುಕೊಂಡು ಹೋಗುವ ಸದ್ದು ಕೇಳುತ್ತಿತ್ತು. ಅಪ್ಪ ಎರಡು ಸಲ ಗಂಟಲು ಸರಿಮಾಡಿಕೊಂಡರು. ಆಮೇಲೆ ನಮ್ಮ ಗೋತ್ರ ಹೇಳಿದರು, ಅವರದು. ನನ್ನ ನಕ್ಷತ್ರವನ್ನು ತಡವರಿಸದೆ ಹೇಳಿದರು. ಅದು ಅವರಿಗೆ ಗೊತ್ತಿದೆ ಎಂದು ನಾನು ಎಣಿಸಿಯೇ ಇರಲಿಲ್ಲ. ಕೊನೆಗೆ ನನ್ನ ಹೆಸರು. ಮನೆಯಲ್ಲಿ ಕರೆಯುವುದಲ್ಲ, ನಾಮಕರಣದಲ್ಲಿ ಇಟ್ಟಿದ್ದು.

ಅರಮನೆಯವರ ಹೆಸರು ಈಗ ಬರಬಹುದು ಎಂದು ಕಾದೆ, ಬರಲಿಲ್ಲ. ಅಪ್ಪ ಕೈಯಲ್ಲಿದ್ದ ನೀರು ಬಿಟ್ಟು, ಮೊಣಕಾಲು ನೋವಿನಲ್ಲೂ ನೆಲಕ್ಕೆ ಬಗ್ಗಿ, ಬೇಳೆ ಡಬ್ಬದ ಹತ್ತಿರ ಹಣೆ ಹಚ್ಚಿದರು. ದೇವರೊಂದಿಗೆ ಅವರು ಸಂಸ್ಕೃತ ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವತ್ತು ಕನ್ನಡದಲ್ಲಿ, ಸಣ್ಣ ದನಿಯಲ್ಲಿ ಹೇಳಿದರು.

“ಇವಳು ನನ್ನ ಮಗಳು. ನಾನು ಹೇಳಿದ್ದು ತಪ್ಪಾಗಿದ್ರೆ ನನ್ನನ್ನ ಕೇಳಪ್ಪ. ಅವಳನ್ನ ಏನೂ ಕೇಳಬೇಡ.”