ನಗಬೇಕು ಅಂತ ಹೇಳಿಕೊಟ್ಟಿದ್ದರು

ಮೆಲ್ಬರ್ನಿಗೆ ಬಂದ ಮೊದಲ ವಾರದಲ್ಲೇ ಮಗಳು ನನ್ನನ್ನು ಕೂರಿಸಿಕೊಂಡು ಒಂದು ಪಾಠ ಹೇಳಿದಳು. "ಅಮ್ಮ, ಇಲ್ಲಿ ಎದುರಿಗೆ ಬಂದವರ ಕಣ್ಣಿಗೆ ಕಣ್ಣು ಸಿಕ್ಕಿದ್ರೆ ಒಂದು ಸ್ಮೈಲ್ ಕೊಡ್ಬೇಕು. ಊರಲ್ಲಿ ಮಾಡೋ ಹಾಗೆ ದುರುಗುಟ್ಕೊಂಡು ನೋಡ್ಬೇಡ. ತಪ್ಪು ತಿಳ್ಕೋತಾರೆ."

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಇಂಗ್ಲಿಷ್ ಬರುವುದಿಲ್ಲ. ನಗುವುದಕ್ಕೆ ಇಂಗ್ಲಿಷ್ ಬೇಡವಲ್ಲ, ಕಲಿತೆ. ನಾಯಿ ಹಿಡಿದು ಹೋಗುವವರಿಗೆ ನಕ್ಕೆ, ಅಂಚೆಯವನಿಗೆ ನಕ್ಕೆ, ಅಂಗಡಿಯಲ್ಲಿ ಬಿಲ್ ಹಾಕುವವಳಿಗೆ ನಕ್ಕೆ. ನಮ್ಮ ತಿಪಟೂರಿನ ಕಡೆ ಹೀಗೆ ಕಂಡಕಂಡವರಿಗೆ ಹಲ್ಲು ಬಿಟ್ಟಿದ್ದರೆ ಮುದುಕಿಗೆ ತಲೆ ಕೆಟ್ಟಿದೆ ಅನ್ನುತ್ತಿದ್ದರು. ಇಲ್ಲಿ ಒಳ್ಳೆಯವಳು ಅನ್ನಿಸಿಕೊಂಡೆ.

ಮಗಳು, ಅಳಿಯ ಇದ್ದದ್ದು ಗ್ಲೆನ್ ವೇವರ್ಲಿಯಲ್ಲಿ, ಟ್ರೇನಿನ ಕೊನೆಯ ಸ್ಟೇಷನ್. ಅವರಿಗೆ ಒಬ್ಬಳೇ ಮಗಳು. ಆ ವರ್ಷ ಸಿಟಿಯಲ್ಲಿ ಕಾಲೇಜಿಗೆ ಸೇರಿದ್ದಳು. ಕಂಕುಳ ಕೂಸಾಗಿದ್ದಾಗ ಈ ದೇಶಕ್ಕೆ ಬಂದವಳು, ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ನನ್ನಿಂದ ಅವಳು ತಕರಾರಿಲ್ಲದೆ ತೆಗೆದುಕೊಳ್ಳುತ್ತಿದ್ದದ್ದು ಒಂದನ್ನೇ, ತಲೆಗೆ ಎಣ್ಣೆ. ಶನಿವಾರ ಬೆಳಿಗ್ಗೆ ಮೆಂತ್ಯ, ಕರಿಬೇವು ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಹಿಡಿದು ನಾನು ಸೋಫಾದ ಮೇಲೆ ಕೂತರೆ, ತಾನೇ ಬಂದು ನನ್ನ ಮೊಣಕಾಲುಗಳ ನಡುವೆ ಕೂರುತ್ತಿದ್ದಳು. ಸೊಂಟದವರೆಗೆ ಕೂದಲು. ಕಾಲೇಜಿನದ್ದು, ಗೆಳತಿಯರದ್ದು ಏನೇನೋ ಹೇಳುತ್ತಿದ್ದಳು. ನನಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಬೆರಳಿಗೆ ತಿಳಿಯುತ್ತಿತ್ತು.

ಅಂಥದೇ ಒಂದು ಶನಿವಾರ ಎಣ್ಣೆ ಹಚ್ಚಿ ಜಡೆ ಹಾಕಿ, ಇಬ್ಬರೂ ಸಿಟಿಯ ದೊಡ್ಡ ಮಾರ್ಕೆಟ್ಟಿಗೆ ಹೋಗಿದ್ದೆವು. ವಾಪಸು ಬರುವಾಗ ಮಧ್ಯಾಹ್ನದ ಟ್ರೇನು. ನಾನು ಬದನೆಕಾಯಿ ಚೆನ್ನಾಗಿ ಸಿಕ್ಕಿತು ಅಂತಲೋ ಏನೋ ಜೋರಾಗಿ ಹೇಳುತ್ತಿದ್ದೆ. ನನ್ನ ದನಿಯೇ ಅಷ್ಟು. ನಡುವೆ ಯಾವುದೋ ಸ್ಟೇಷನ್ನಿನಲ್ಲಿ ಒಬ್ಬ ಹತ್ತಿದ. ಬಿಳಿಯ, ಅಳಿಯನ ವಯಸ್ಸಿನವನು, ಕೈಯಲ್ಲಿ ದೊಡ್ಡ ಕಪ್ಪಿನಲ್ಲಿ ಕೆಂಪು ಜ್ಯೂಸು. ನಮ್ಮೆದುರು, ಮೊಮ್ಮಗಳ ಬಲಗಡೆಗೆ ನಿಂತು ಮೂಗು ಹಿಡಿದುಕೊಂಡು ಏನೋ ಅಂದ. ಕಣ್ಣಿಗೆ ಕಣ್ಣು ಸಿಕ್ಕಿತು. ನಾನು ನಕ್ಕೆ. ಅವನು ಇನ್ನೂ ಏನೇನೋ ಅಂದ. ಮುದುಕಿಯ ಜೊತೆ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ಇನ್ನಷ್ಟು ನಕ್ಕೆ. ಆಮೇಲೆ ಅವನು ಆ ಕಪ್ಪನ್ನು ಮೊಮ್ಮಗಳ ತಲೆಯ ಮೇಲೆ ಬೋರಲು ಹಾಕಿದ.

ನಾನು ಎದ್ದು ನಿಂತು ನನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಬೈದೆ. ಅವಳು ನನ್ನ ಸೆರಗು ಹಿಡಿದು ಎಳೆದಳು. "ಅಜ್ಜಿ, ಪ್ಲೀಸ್. ಸಿಟ್ ಡೌನ್, ಪ್ಲೀಸ್." ಡಬ್ಬಿ ತುಂಬ ಜನ ಇದ್ದರು. ಕೆಲವರು ಪೇಪರು ಮೇಲೆತ್ತಿಕೊಂಡರು, ಕೆಲವರು ಕಿಟಕಿ ನೋಡಿದರು, ಹೊರಗೆ ಏನೋ ಜಾತ್ರೆ ನಡೆಯುತ್ತಿರುವ ಹಾಗೆ. ಅವನು ಮುಂದಿನ ಸ್ಟೇಷನ್ನಿನಲ್ಲಿ ಅವಸರವಿಲ್ಲದೆ ಇಳಿದುಹೋದ.

ಏನಂದ ಅವನು ಅಂತ ಕೇಳಿದರೆ ಹುಡುಗಿ "ನಥಿಂಗ್" ಅಂದಳು. ಮಾರನೆಯ ದಿನ ಹೋಗಿ ಕೂದಲನ್ನು ಕತ್ತಿನವರೆಗೆ ಕತ್ತರಿಸಿಕೊಂಡು ಬಂದಳು.

ಮುಂದಿನ ಶನಿವಾರ ನಾನು ಎಣ್ಣೆ ಕಾಯಿಸಿಕೊಂಡು ಕೂತೆ. ಅವಳು ಬರಲಿಲ್ಲ. ಪಕ್ಕದಲ್ಲಿ ಹಾದುಹೋಗುವಾಗ ತಲೆ ಸವರಲು ಕೈ ಚಾಚಿದರೆ ಬೆಂಕಿ ತಾಗಿದಂತೆ ಸರಿದಳು. ಅವಳ ಭುಜ ಎರಡೂ ಕಿವಿಯ ಹತ್ತಿರ ಹೋಗಿ ಅಲ್ಲೇ ನಿಂತುಬಿಟ್ಟಿತ್ತು. ದವಡೆ ಕಚ್ಚಿಕೊಂಡೇ ಊಟ. ಹೊಟ್ಟೆನೋವು ಅನ್ನುತ್ತಿದ್ದಳು. ಡಾಕ್ಟರು ನೋಡಿ ಏನೂ ಇಲ್ಲ ಅಂದರು. ಟ್ರೇನು ಹತ್ತುವುದಿಲ್ಲ ಅಂದಳು. ಸ್ವಲ್ಪ ದಿನ ಅಪ್ಪ ಕಾರಿನಲ್ಲಿ ಬಿಟ್ಟು ಬಂದ. ಆಮೇಲೆ ಕಾಲೇಜಿಗೇ ಹೋಗುವುದಿಲ್ಲ ಅಂದಳು. ಕಣ್ಣೆದುರಿಗೇ ಒಂದು ಹುಡುಗಿ ರೂಮಿನೊಳಗೆ ಮುದುಡಿಕೊಳ್ಳುವುದನ್ನು ನೋಡುತ್ತಾ ಕೂತೆ.

ಆ ದಿನಗಳಲ್ಲಿ ಟಿವಿ ಹಾಕಿದರೆ ಇಂಡಿಯಾದ ಸ್ಟೂಡೆಂಟ್‌ಗಳಿಗೆ ಹೊಡೆದ ಸುದ್ದಿ. ಅಳಿಯ ನೋಡಿ ನಿಟ್ಟುಸಿರು ಬಿಡುವನು, ಸಮಾಧಾನದ ನಿಟ್ಟುಸಿರು. "ಅತ್ತೆ, ಇದೆಲ್ಲ ಆ ಅಡುಗೆ ಕೋರ್ಸು ಅದೂ ಇದೂ ಅಂತ ಪಿಆರ್‌ಗೋಸ್ಕರ, ಇಲ್ಲೇ ಕಾಯಂ ಉಳಿಯೋಕೋಸ್ಕರ ಬಂದಿರೋ ಹುಡುಗ್ರಿಗೆ ಆಗ್ತಿರೋದು. ಕಂಡಕಂಡ ಹೊತ್ತಲ್ಲಿ ಓಡಾಡ್ತಾರೆ, ಫೋನಲ್ಲಿ ಕಿರುಚ್ತಾರೆ. ನಮ್ಮಂಥವರ ತಂಟೆಗೆ ಯಾರೂ ಬರಲ್ಲ."

"ಮತ್ತೆ ನಿಮ್ಮ ಮಗಳ ತಲೆ ಮೇಲೆ ಸುರಿದದ್ದು ತೀರ್ಥವೇನಪ್ಪ?" ಅಂದೆ.

ಅವನು ರಿಮೋಟ್ ಒತ್ತಿದ. "ಟ್ರೇನಲ್ಲಿ ಕನ್ನಡದಲ್ಲಿ ಜೋರಾಗಿ ಮಾತಾಡ್ಬೇಡಿ ಅತ್ತೆ, ಅಷ್ಟೇ," ಅಂದ. ಮಗಳು ಅಡುಗೆಮನೆಯಿಂದ ಇಣುಕಿ, "ಎಣ್ಣೆ ಹಚ್ಕೊಂಡು ಹೊರಗೆ ಹೋಗೋದು ಬೇಡ ಅಂತ ನಾನು ಮೊದಲೇ ಹೇಳಿದ್ದೆ," ಅಂತ ಸೇರಿಸಿದಳು. ಜ್ಯೂಸು ಸುರಿದವನ ಬಗ್ಗೆ ಆ ಮನೆಯಲ್ಲಿ ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ನನ್ನ ಎಣ್ಣೆ, ನನ್ನ ದನಿ, ಇವೆರಡರದೇ ವಿಚಾರಣೆ.

ನಾನು ಸಿಡ್ನಿಗೆ ಮಗನ ಮನೆಗೆ ಹೊರಟಾಗ ಹುಡುಗಿಯನ್ನೂ ಕರೆದುಕೊಂಡು ಹೋದೆ. ಸೊಸೆ ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಹೋಮಿನಲ್ಲಿ ನರ್ಸು. ಅವಳು ಹುಡುಗಿಯ ಭುಜ ನೋಡಿದವಳೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಅತ್ತೆ, ನಿಮ್ಮ ಮಗನಿಗೆ ಹೇಳ್ಬೇಡಿ. ನನಗೂ ಹೀಗೇ ಆಗಿತ್ತು. ಸ್ನಾನ ಮಾಡಿಸೋಕೆ ಹೋದ್ರೆ ಕರಿ ಕೈಯಲ್ಲಿ ಮುಟ್ಬೇಡ ಅಂತ ಹೊಡೀತಾರೆ ಕೆಲವರು. ನಾನು ಒಂದು ಕಡೆ ಹೋಗ್ತೀನಿ. ಬನ್ನಿ."

ಲೈಬ್ರರಿಯ ಹಿಂದಿನ ಒಂದು ಹಾಲು. ವೃತ್ತವಾಗಿ ಕುರ್ಚಿ ಹಾಕಿದ್ದರು. ಸೂಡಾನಿನವರು, ಚೀನಾದವರು, ಟೋಂಗಾ ದ್ವೀಪದ ಒಬ್ಬ ಗಟ್ಟಿ ಆಳಿನಂಥ ಹೆಂಗಸು, ಎಲ್ಲ ಹೆಂಗಸರೇ. ನಡೆಸುತ್ತಿದ್ದವಳು ಲೆಬನಾನ್ ಕಡೆಯವಳು. ರಸ್ತೆಯಲ್ಲಿ ಯಾರೋ ಅವಳ ತಲೆಯ ವಸ್ತ್ರ ಕಿತ್ತಿದ್ದರಂತೆ. ಅವಳು ಹೇಳಿದಳು, ಸೊಸೆ ನನ್ನ ಕಿವಿಯಲ್ಲಿ ಕನ್ನಡ ಮಾಡಿದಳು: ಪಾದ ನೆಲಕ್ಕೆ ಊರಿ. ಕುರ್ಚಿ ನಿಮ್ಮನ್ನು ಹೊತ್ತಿದೆ, ಅದನ್ನು ಗಮನಿಸಿ. ಆದದ್ದನ್ನು ನೆನೆಸಿಕೊಂಡರೆ ಮೈಯಲ್ಲಿ ಎಲ್ಲಿ ಬಿಗಿಯುತ್ತದೆ, ನೋಡಿ. ಒಬ್ಬಳು ಗಂಟಲು ಅಂದಳು, ಒಬ್ಬಳು ಹೊಟ್ಟೆ. ನನ್ನ ಸರದಿ ಬಂದಾಗ, "ನನಗೆ ಮೊಣಕಾಲು ನೋವು, ಅದು ವಾಯು," ಅಂದೆ.

ಅಷ್ಟಕ್ಕೆ ಸುಮ್ಮನಾಗಲಿಲ್ಲ. "ಅವಳಿಗೆ ಹೇಳು," ಅಂತ ಸೊಸೆಗೆ ಅಂದೆ, "ಸುರಿದವನು ಮನೆಯಲ್ಲಿ ಕಾಲು ಚಾಚಿ ಮಲಗಿದ್ದಾನೆ. ಸುರಿಸಿಕೊಂಡವರು ಇಲ್ಲಿ ಬಂದು ಉಸಿರಾಡೋದು ಕಲೀಬೇಕಾ? ಇದು ಯಾವ ನ್ಯಾಯ?"

ಸೊಸೆ ಅಳುಕುತ್ತಲೇ ಹೇಳಿದಳು. ಆ ಹೆಂಗಸಿಗೆ ಸಿಟ್ಟು ಬರಲಿಲ್ಲ. ನ್ಯಾಯವಲ್ಲ, ಅದಕ್ಕೇ ಅರ್ಧ ಹೊತ್ತು ಮೈಗೆ, ಇನ್ನರ್ಧ ಹೊತ್ತು ಟ್ರೇನಿಗೆ ಅಂದಳಂತೆ. ಅಂದವಳೇ ಎದ್ದು ಕುರ್ಚಿಗಳನ್ನು ಟ್ರೇನಿನ ಸೀಟಿನ ಹಾಗೆ ಜೋಡಿಸಿದಳು. ಒಬ್ಬರು ಬೈಯುವವರು, ಒಬ್ಬರು ಬೈಸಿಕೊಳ್ಳುವವರು, ಉಳಿದವರು ಸುತ್ತ ಕೂತ ಜನ. ಬೈಯುವವನ ಜೊತೆ ಜಗಳಕ್ಕೆ ಹೋಗಬಾರದು, ಎದ್ದು ಹೋಗಿ ಬೈಸಿಕೊಂಡವರ ಪಕ್ಕ ಕೂರಬೇಕು, ಮಾತಾಡಿಸಬೇಕು. ಇಷ್ಟೇ ಅಭ್ಯಾಸ. ಮಕ್ಕಳಾಟ ಅನ್ನಿಸಿತು ನನಗೆ.

ಬೈಸಿಕೊಳ್ಳುವ ಸೀಟಿನಲ್ಲಿ ತಾನೇ ಕೂರುತ್ತೇನೆ ಅಂದಳು ಮೊಮ್ಮಗಳು. ಪಕ್ಕದಲ್ಲಿ ನನ್ನನ್ನು ಕೂರಿಸಿದರು. ಬೈಯುವ ಪಾತ್ರ ಟೋಂಗಾದವಳದ್ದು. ಅವಳು ಎದುರಿಗೆ ಬಂದು ನಿಂತು ಏನೋ ಗದರಿದಳು, ಕಣ್ಣಿಗೆ ಕಣ್ಣು ಸಿಕ್ಕಿತು, ನಾನು ನಕ್ಕುಬಿಟ್ಟೆ.

"ಸ್ಟಾಪ್ ಇಟ್!" ಮೊಮ್ಮಗಳು ಎದ್ದು ನಿಂತಿದ್ದಳು. ಟೋಂಗಾದವಳು ಬೆಚ್ಚಿ ಹಿಂದೆ ಸರಿದಳು. ಆದರೆ ಹುಡುಗಿ ನೋಡುತ್ತಿದ್ದದ್ದು ನನ್ನ ಕಡೆ. "ಅವತ್ತೂ ನಕ್ಕೆ ನೀನು! ಎಣ್ಣೆ ನಾಯಿ ಅಂದ ಅವನು ನನ್ನ. ನಿನ್ನೂ ಅಂದ. ನಾನು ನಿನ್ನ ಕಡೆ ನೋಡ್ದೆ ಅಜ್ಜಿ, ನೀನು ನಗ್ತಾ ಇದ್ದೆ. ಯಾಕೆ ನಕ್ಕೆ? ಹೇಳು, ಯಾಕೆ ನಕ್ಕೆ?"

ಅವಳು ಅಷ್ಟು ಉದ್ದಕ್ಕೆ ಕನ್ನಡ ಮಾತಾಡಿದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು.

"ನಿಮ್ಮಮ್ಮ ಹೇಳಿಕೊಟ್ಟಿದ್ಲು ಕಣೇ," ಅಂದೆ. "ಇಲ್ಲಿ ಎಲ್ಲರಿಗೂ ನಗಬೇಕು ಅಂತ. ಅವನು ಏನಂದ ಅಂತ ನನಗೇನು ಗೊತ್ತು? ಗೊತ್ತಿದ್ರೆ ಆ ಬದನೆಕಾಯಿ ಚೀಲದಲ್ಲೇ ಮೂತಿಗೆ ಬಿಡ್ತಿರ್ಲಿಲ್ವಾ?"

ಅವಳ ಬಾಯಿಂದ ಹೊರಟದ್ದು ನಗುವೋ ಅಳುವೋ ಗೊತ್ತಾಗಲಿಲ್ಲ. ಮೈಯೆಲ್ಲ ಅದುರತೊಡಗಿತು, ಮಂಡಿಯಿಂದ ಹಲ್ಲಿನವರೆಗೆ. ನಾನು ಹಿಡಿದುಕೊಳ್ಳಲು ಹೋದರೆ ಲೆಬನಾನಿನವಳು ಕೈ ಅಡ್ಡ ಹಿಡಿದಳು. ಅದುರಲಿ, ತಡೆಯಬೇಡಿ ಅಂದಳಂತೆ. ಇಷ್ಟು ದಿನ ಅವಳು ತಡೆದದ್ದೇ ಸಾಕು. ನಾನು ಕೈ ಕಟ್ಟಿಕೊಂಡು ಕೂತೆ. ಅದಕ್ಕಿಂತ ಕಷ್ಟದ ಕೆಲಸ ನಾನು ಹೆರಿಗೆಯಲ್ಲೂ ಮಾಡಿಲ್ಲ. ಆಗ ಗಮನಕ್ಕೆ ಬಂತು, ನನ್ನ ಎರಡೂ ಕೆನ್ನೆ ನೋಯುತ್ತಿದ್ದವು. ಕಣ್ಣಿನ ಕೆಳಗೆ, ನಗುವಾಗ ಮೇಲೆ ಹೋಗುವ ಮಾಂಸ. ನನ್ನ ಬಿಗಿತ ಅಲ್ಲಿ ಕೂತಿತ್ತು.

ಸಿಡ್ನಿಯಲ್ಲಿ ಇದ್ದಷ್ಟು ದಿನ ಅಲ್ಲಿಗೆ ಹೋದೆವು. ಹುಡುಗಿ ಪವಾಡದ ಹಾಗೇನೂ ಬದಲಾಗಲಿಲ್ಲ. ಪಾದ ಊರುವುದು ಕಲಿತಳು, ಭುಜ ಎದ್ದಾಗ ಎದ್ದಿದೆ ಅಂತ ತಾನೇ ಕಂಡುಕೊಳ್ಳುವುದು ಕಲಿತಳು. ಮೆಲ್ಬರ್ನಿಗೆ ಬಂದ ಮೇಲೆ ಕಾಲೇಜಿಗೆ ಹೋಗುತ್ತೇನೆ ಅಂದಳು. ಟ್ರೇನಿನಲ್ಲೇ ಹೋಗುತ್ತೇನೆ, ಆದರೆ ಮೊದಲ ದಿನ ಅಜ್ಜಿ ಬರಬೇಕು ಅಂದಳು. ಅಳಿಯ ಕಾರಿನ ಕೀ ಹಿಡಿದು ಬಾಗಿಲಲ್ಲೇ ನಿಂತಿದ್ದ. ಅವನನ್ನು ದಾಟಿ ಹೋದೆವು.

ಕೆಲವು ಸ್ಟೇಷನ್ ಕಳೆದ ಮೇಲೆ, ಇಲ್ಲಿನ ಅಡುಗೆಯವರು ಹಾಕುವ ಚೌಕಳಿ ಪ್ಯಾಂಟಿನ ಒಬ್ಬ ಹುಡುಗಿ ಹತ್ತಿದಳು, ಅದೇ ಅಳಿಯ ಬೈಯುವ ಅಡುಗೆ ಕೋರ್ಸಿನವಳು. ಫೋನಿನಲ್ಲಿ ಪಂಜಾಬಿಯಲ್ಲಿ ಯಾರಿಗೋ ಏನೋ ಹೇಳುತ್ತಿದ್ದಳು, ಅಮ್ಮನಿಗೆ ಇರಬೇಕು. ಎದುರಿಗೆ ಕೂತಿದ್ದ, ಮುತ್ತಿನ ಸರದ ಬಿಳಿ ಹೆಂಗಸು ಅವಳನ್ನು ತರಾಟೆಗೆ ತೆಗೆದುಕೊಂಡಳು. ನನ್ನ ವಯಸ್ಸಿನವಳೇ. ಈ ಸಲ ಏನಂದಳು ಅಂತ ನನಗೂ ತಿಳಿಯಿತು, ಸಿಡ್ನಿಯ ಹಾಲಿನಲ್ಲಿ ಬೈಯುವ ಪಾತ್ರದವರು ಆಡುತ್ತಿದ್ದದ್ದೂ ಅದೇ ಮಾತು. ಇಂಗ್ಲಿಷ್ ಮಾತಾಡು, ಇಲ್ಲ ನಿನ್ನ ದೇಶಕ್ಕೆ ಹೋಗು. ಆ ಪಂಜಾಬಿ ಹುಡುಗಿ ಫೋನು ಇಟ್ಟು ತೊಡೆ ನೋಡುತ್ತಾ ಕೂತಳು. ಆ ಹೆಂಗಸು ಬಿಡಲಿಲ್ಲ.

ಡಬ್ಬಿಯಲ್ಲಿ ನಮ್ಮವನೇ ಒಬ್ಬನಿದ್ದ. ಕೊರಳಲ್ಲಿ ಆಫೀಸಿನ ಟ್ಯಾಗು. ಯುಗಾದಿ ಊಟದಲ್ಲಿ ನನಗೆ ಹೋಳಿಗೆ ಬಡಿಸಿದ್ದವನು. ಅವನು ಕಿಟಕಿ ನೋಡಿದ.

ಮೊಮ್ಮಗಳ ಭುಜ ಮೇಲೆ ಹೋಯಿತು. ಅವಳು ಪಾದ ಒತ್ತಿದ್ದು ನನಗೆ ಕಂಡಿತು. ಆಮೇಲೆ ಎದ್ದಳು, ಕಂಬ ಹಿಡಿದುಕೊಂಡು ಹೋಗಿ ಆ ಹುಡುಗಿಯ ಪಕ್ಕ ಕೂತಳು. ಇಲ್ಲಿ ಕೂರಲಾ, ಯಾವ ಕಾಲೇಜು, ಹೀಗೆ ಏನೋ ಕೇಳಿದಳು. ನಾನೂ ಎದ್ದು ಹೋಗಿ ಇನ್ನೊಂದು ಪಕ್ಕ ಕೂತೆ. ಮುತ್ತಿನ ಸರದವಳು ನನ್ನ ಕಡೆ ತಿರುಗಿ ಶುರುಮಾಡಿದಳು. ಕಣ್ಣಿಗೆ ಕಣ್ಣು ಸಿಕ್ಕಿತು. ನನ್ನ ಕೆನ್ನೆ ತಾನಾಗಿಯೇ ಏಳಲು ಹೊರಟಿತು. ಇಳಿಸಿದೆ. ಊರಿನಲ್ಲಿ ನೋಡುವ ಹಾಗೆ ದುರುಗುಟ್ಟಿ ನೋಡಿದೆ, ಅವಳು ಇಳಿಯುವವರೆಗೆ. ಬೇರೆ ಯಾರೂ ಏಳಲಿಲ್ಲ.

ಮುಂದೆ ಕನ್ನಡದವರ ಒಂದು ಊಟದಲ್ಲಿ ಆ ಟ್ಯಾಗಿನವನು ಪಕ್ಕಕ್ಕೆ ಬಂದು, "ಆಂಟಿ, ಅವತ್ತು ಟ್ರೇನಲ್ಲಿ ನೋಡ್ದೆ ನಿಮ್ಮನ್ನ. ಯಾಕೆ ಬೇಕು ನಿಮಗೆ ಇಂಥದ್ದೆಲ್ಲ ಈ ವಯಸ್ಸಲ್ಲಿ?" ಅಂದ, ನಗುನಗುತ್ತಾ.

"ನೋಡಿದ್ಯಾ? ನೀನು ಕಿಟಕಿ ನೋಡ್ತಿದ್ದೆ ಅಂದ್ಕೊಂಡಿದ್ದೆ," ಅಂದೆ. ಆಮೇಲೆ ಅವನೂ ನಗಲಿಲ್ಲ.

ಹುಡುಗಿ ಕಾಲೇಜು ಮುಗಿಸುತ್ತಿದ್ದಾಳೆ. ಶನಿವಾರ ಮತ್ತೆ ಬಂದು ಕೂರುತ್ತಾಳೆ. ಕೂದಲು ಇನ್ನೂ ಕತ್ತಿನವರೆಗೇ ಇದೆ, ಬೆಳೆಸುವ ಮಾತಿಲ್ಲ. "ಸ್ವಲ್ಪ ಹಚ್ಚು ಅಜ್ಜಿ, ತೊಳೀಬೇಕು," ಅನ್ನುತ್ತಾಳೆ, ಕನ್ನಡದಲ್ಲೇ. ತೊಳೆದುಕೊಂಡೇ ಹೊರಗೆ ಹೋಗುತ್ತಾಳೆ. ಎಡಭುಜ ಇಳಿದಿದೆ. ಬಲಗಡೆಯದು, ಆ ಜ್ಯೂಸಿನವನು ನಿಂತಿದ್ದ ಕಡೆಯದು, ನನ್ನ ಕೈಯ ಕೆಳಗೆ ಇನ್ನೂ ಕಲ್ಲಿನ ಹಾಗೇ ಇದೆ.