ಹೆಬ್ಬಾತು ನೋಡಲು ಹೋದ ದಿನ

ಇವತ್ತು ಸೈಕಲ್ ಅಂಗಡಿಯ ಮುಂದೆ ಪಂಕ್ಚರ್ ಸಲ್ಯೂಷನ್ನಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಅಪ್ಪ ನೆನಪಾದರು.

ಶಿರಹಟ್ಟಿ ಸೀಮೆಯಲ್ಲಿ ಸಂಸ್ಥಾನದ ಆಳ್ವಿಕೆ ಮುಗಿದು, ಅದು ಮುಂಬೈ ಪ್ರಾಂತ್ಯಕ್ಕೆ ಸೇರಿದ ಹೊಸತು. ಆ ಕಡೆಯ ಕೆರೆಗೆ ಹಿಮಾಲಯದಾಚೆಯಿಂದ ಹೆಬ್ಬಾತುಗಳು ಬಂದಿವೆಯೆಂದು ಕೇಳಿ, ಅಪ್ಪ ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಗದಗಿನಿಂದ ಹೊರಟರು. ಅರ್ಧ ದಾರಿಯಲ್ಲಿ ಜಾಲಿಮುಳ್ಳು ಚುಚ್ಚಿತು. ಎರಡು ಸಲ ತೇಪೆ ಹಚ್ಚಿದರು, ಎರಡು ಸಲವೂ ಗಾಳಿ ಹೋಯಿತು. ಕೊನೆಗೆ ನನ್ನನ್ನು ಸೀಟಿನ ಮೇಲೆ ಕೂರಿಸಿ, ಬಿಸಿಲಲ್ಲಿ ಸೈಕಲ್ ತಳ್ಳುತ್ತಲೇ ನಡೆದರು.

ಸಂಜೆ ಮುಟ್ಟಿದಾಗ ಕೆರೆ ಖಾಲಿ. ಎಮ್ಮೆ ತೊಳೆಯುತ್ತಿದ್ದ ಅಜ್ಜಿ, “ಈಗಷ್ಟ ಎದ್ದು ಕಡ್ಲಿ ಹೊಲಕ್ಕ ಹಾರಿ ಹೋದುವ್ರಿ. ಇನ್ನ ಮುಂಜಾನಿನ ಬರೋದು,” ಎಂದಳು.

ಅಪ್ಪ ಕೆರೆಯ ಏರಿಯ ಮೇಲೆ ಕುಸಿದು ಕೂತರು. ಮನೆಯಲ್ಲಿ ಯಾರೆದುರೂ ಸೋಲದ ಮನುಷ್ಯ. “ತಪ್ಪಾತವ್ವಾ, ನಿನ್ನ ಸುಮ್ನ ದಣಿಸಿದೆ,” ಎಂದರು.

“ನಾ ಕುಂತ ಬಂದೀನ್ರಿ ಅಪ್ಪಾ, ದಣದವ್ರು ನೀವು,” ಎನ್ನುತ್ತ ನಾನು ಅವರ ಕಾಲು ಒತ್ತತೊಡಗಿದೆ. ಅವರು ಬೇಡವೆನ್ನಲಿಲ್ಲ.

ಮತ್ತೆ ಇಬ್ಬರೂ ಕೂಡಿ ಹೋಗಲಾಗಲೇ ಇಲ್ಲ. ಹೋದ ಚಳಿಗಾಲ ಮಗ ಕರೆದುಕೊಂಡು ಹೋದ. ಕೆರೆ ತುಂಬ ಹೆಬ್ಬಾತು. ಮಂಡಿನೋವಿಗೆ ಅಲ್ಲೇ ಏರಿಯ ಮೇಲೆ ಕೂತು, ಯಾರಿಗೂ ಕೇಳಿಸದ ಹಾಗೆ, “ಬಂದಾವ ನೋಡ್ರಿ ಅಪ್ಪಾ,” ಎಂದೆ.