ಅತ್ತೆಯ ಬಿಲ್ಲಿಗೆ ಆಯುಧಪೂಜೆ

ಆಯುಧಪೂಜೆಯ ದಿನವೇ ಆಯುಧ ಮುರಿದುಕೊಂಡ ಮನೆ ಲೋಕದಲ್ಲಿ ನಮ್ಮದೊಂದೇ ಇರಬೇಕು. ಇನ್ನೊಂದು ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ನನ್ನ ಗಂಡನಿಗೆ ಸ್ವಲ್ಪ ಸಮಾಧಾನವಾದೀತು. ಮುರಿದದ್ದು ಈಳಿಗೆಮಣೆಯಲ್ಲ, ಸ್ಕ್ರೂಡ್ರೈವರ್ ಅಲ್ಲ. ಬಿಲ್ಲು. ನಿಜವಾಗಿ ಬಾಣ ಬಿಡುವ ಬಿಲ್ಲು, ಅದೂ ತೀರಿಕೊಂಡ ನಮ್ಮತ್ತೆಯದು, ಅದೂ ಬೇಟೆಯ ಸೀಸನ್ ಇನ್ನೇನು ಶುರುವಾಗಬೇಕು ಎನ್ನುವಾಗ.

ಬೇಟೆ ಎಂದೊಡನೆ ಹುಬ್ಬೇರಿಸಬೇಡಿ. ನಾವಿರುವ ಕೀನ್ಯಾದಲ್ಲಿ ಬೇಟೆ ನಿಷಿದ್ಧ. ನಾನಾದರೂ ಔಷಧದ ಕಾರ್ಖಾನೆಯಲ್ಲಿ ಮಾತ್ರೆಗಳ ಗುಣಮಟ್ಟ ನೋಡುತ್ತ ಕೂತಿರುವ ಹೆಂಗಸು. ಮನೆಯ ಜಿರಲೆಗೂ ಬಾಗಿಲು ತೆರೆದು ದಾರಿ ತೋರಿಸುವವಳು. ನಮ್ಮ ಬಿಲ್ಲುಗಾರರ ಕ್ಲಬ್ಬು ಬೇಟೆಯಾಡುವುದು ಫೋಮ್‌ನಿಂದ ಮಾಡಿದ ಪ್ರಾಣಿಗಳನ್ನು. ಅಥಿ ನದಿಯ ಆಚೆ ಮುಳ್ಳುಪೊದೆ ತುಂಬಿದ ಒಂದು ಜಮೀನಿದೆ. ಅಲ್ಲೊಂದು ಫೋಮಿನ ಹಂದಿ, ಇಲ್ಲೊಂದು ಫೋಮಿನ ಕತ್ತೆಕಿರುಬ ನಿಲ್ಲಿಸಿರುತ್ತಾರೆ. ಗುಂಪಾಗಿ ನಡೆಯುವುದು, ಬಾಣ ಬಿಡುವುದು, ಕಿತ್ತುಕೊಂಡು ಮುಂದಿನ ಪ್ರಾಣಿಗೆ ಹೋಗುವುದು. ಸಂಜೆಗೆ ಹೆಚ್ಚು ಅಂಕ ಬಂದವರಿಗೆ ಒಂದು ಕಪ್. ನಿಜವಾದ ಜಿರಾಫೆ ಊರಿನ ಬೇಲಿಯಾಚೆ ನಿಂತಿರುವಾಗ ಬೊಂಬೆ ಹಂದಿಯನ್ನು ಹುಡುಕಿಕೊಂಡು ಅಷ್ಟು ದೂರ ಹೋಗುವ ನಮ್ಮ ಬಗ್ಗೆ ಜಿರಾಫೆಗಳ ಅಭಿಪ್ರಾಯ ಏನೋ ತಿಳಿಯದು.

ನಮ್ಮತ್ತೆ ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ಮಾಂಗಲ್ಯದ ಪಕ್ಕದಲ್ಲೇ ವಿಸಿಲ್ ನೇತುಹಾಕಿಕೊಂಡು ಓಡಾಡಿದವರು. ಅವರು ಹೋದಮೇಲೆ ಸೈಟು ಭಾವನವರಿಗೆ, ಬಳೆಗಳು ನಾದಿನಿಗೆ ಆದವು. ಕಡೆಗೆ ಅಟ್ಟದ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿಟ್ಟ ಉದ್ದನೆಯದೊಂದು ಗಂಟು ಸಿಕ್ಕಿತು. ಬಿಚ್ಚಿದರೆ ಬಿಲ್ಲು. ಕಾಲೇಜಿನಲ್ಲಿದ್ದಾಗ ಅವರು ಬಿಲ್ವಿದ್ಯೆ ಕಲಿತಿದ್ದರಂತೆ. ಮಕ್ಕಳು ಯಾರೂ ನೋಡಿದವರಲ್ಲ. "ನೀವು ಆಫ್ರಿಕಾದಲ್ಲಿರೋರು, ನಿಮಗೇ ಉಪಯೋಗಕ್ಕೆ ಬರುತ್ತೆ, ಇಟ್ಕೊಳ್ಳಿ" ಎಂದು ಭಾವನವರು ಉದಾರವಾಗಿ ನಮಗೆ ದಾಟಿಸಿದರು. ಇಲ್ಲಿ ಎಂಬಕಸಿಯ ವಿಮಾನನಿಲ್ದಾಣದಲ್ಲಿ ಅಧಿಕಾರಿ ಆ ಗಂಟು ಮುಟ್ಟಿ "ಇದೇನು?" ಎಂದಾಗ ನನ್ನ ಗಂಡ ಮೋಹನ ಗಾಬರಿಯಲ್ಲಿ "ಮೈ ಮದರ್" ಎಂದುಬಿಟ್ಟರು. ಆತ ಟೋಪಿ ತೆಗೆದು, ಎರಡೂ ಕೈಯಲ್ಲಿ ಎತ್ತಿ ನಮಗೆ ಒಪ್ಪಿಸಿದ.

ಆ ಬಿಲ್ಲನ್ನು ನಾನು ಕೈಗೆತ್ತಿಕೊಂಡದ್ದು ಶೌರ್ಯದಿಂದಲ್ಲ, ಹೆಗಲುನೋವಿನಿಂದ. ಐವತ್ತರ ಹತ್ತಿರ ಬಂದಾಗ ನನ್ನ ಬಲಹೆಗಲು ಹಿಡಿದುಕೊಂಡು ಕುಕ್ಕರ್ ಇಳಿಸಲೂ ಆಗುತ್ತಿರಲಿಲ್ಲ. ನೋವು ಇಳಿದಮೇಲೆ ಪಾರ್ಕ್‌ಲ್ಯಾಂಡ್ಸ್‌ನ ಡಾಕ್ಟರು, ತೋಳು ಹಿಂದಕ್ಕೆ ಎಳೆಯುವಂಥ ಏನಾದರೂ ಮಾಡಿ ಎಂದರು. ಎಲ್ಲರೂ ರಬ್ಬರ್ ಪಟ್ಟಿ ಎಳೆಯುತ್ತಾರೆ. ನನಗೆ ಮನೆಯಲ್ಲೇ ಬಿಲ್ಲಿತ್ತು. ಎಳೆಯುತ್ತ ಎಳೆಯುತ್ತ ರುಚಿ ಹತ್ತಿತು, ಕ್ಲಬ್ ಸೇರಿದೆ, ಕಳೆದ ಸೀಸನ್ನಿನಲ್ಲಿ ಎರಡನೆಯವಳಾಗಿ ಬಂದೆ. ಮೊದಲು ಬಂದವರು ಹಸ್ಮುಖ್‌ಭಾಯ್, ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಗುಜರಾತಿ. ಅಜ್ಜನ ಕಾಲದಿಂದ ಇಲ್ಲಿಯವರು, ಒಳ್ಳೆಯ ಮನುಷ್ಯ. ಅವರದು ಒಂದೇ ಕೆಟ್ಟ ಚಾಳಿ. ನನ್ನ ಬಾಣ ನಡುವಿಗೆ ಬಿದ್ದಾಗಲೆಲ್ಲ ಬಿಲ್ಲನ್ನು ಸವರಿ, "ಬೋ ಬಹುತ್ ಅಚ್ಛಾ ಹೈ, ಬೆನ್", ಬಿಲ್ಲು ಬಹಳ ಚೆನ್ನಾಗಿದೆ ತಂಗಿ, ಎನ್ನುವುದು. ಗುರಿ ತಪ್ಪಿದಾಗ ಮಾತ್ರ ಯಾರೂ ಬಿಲ್ಲಿನ ಸುದ್ದಿ ಎತ್ತುತ್ತಿರಲಿಲ್ಲ. ಬರಬರುತ್ತ ನನಗೇ ಅನುಮಾನ ಹತ್ತಿತು. ನಾನು ಬಿಲ್ಲುಗಾರ್ತಿಯೋ, ಬರೀ ಅತ್ತೆಯ ಬಿಲ್ಲನ್ನು ಹೊತ್ತು ತಿರುಗುವವಳೋ?

ಈಗ ಆಯುಧಪೂಜೆಗೆ ಬರೋಣ. ನಾವು ಕನ್ನಡಿಗರು ಪೂಜೆಯ ದಿನ ಯಾವುದನ್ನೂ ಬಿಡುವವರಲ್ಲ. ಕಿಲೆಲೆಶ್ವಾದ ನಮ್ಮ ಫ್ಲ್ಯಾಟಿನಲ್ಲಿ ಅಂದು ಕಾರು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಮೋಹನರ ಆಫೀಸಿನ ಲ್ಯಾಪ್‌ಟಾಪ್ ಎಲ್ಲಕ್ಕೂ ಕುಂಕುಮ. ವೈಫೈ ಪೆಟ್ಟಿಗೆಗೆ ಎರಡು ಹೂವು ಹೆಚ್ಚು. ಮಗಳು ಇಂಚರ ಮಾತ್ರ "ನೋ ಕುಂಕುಮ ಆನ್ ಮೈ ಫೋನ್" ಎಂದು ಫೋನನ್ನು ಎದೆಗವಚಿಕೊಂಡು ಕೋಣೆ ಸೇರಿದಳು. ನಾನು ಒಳಗೆ ಆಂಬೊಡೆ ಕರಿಯುತ್ತಿದ್ದೆ. ಮೋಹನರ ಕಣ್ಣಿಗೆ ಹೆದೆಯಿಲ್ಲದೆ ಮಲಗಿದ್ದ ಬಿಲ್ಲು ಪೂಜೆಗೆ ಲಕ್ಷಣವಾಗಿ ಕಾಣಲಿಲ್ಲ. ದೇವರ ಪಟಗಳಲ್ಲಿ ಹೆದೆಯಿಲ್ಲದ ಬಿಲ್ಲು ಎಲ್ಲಾದರೂ ನೋಡಿದ್ದೀರಾ?

ಇಂಥ ಬಿಲ್ಲಿನ ಮರ್ಮ ಏನೆಂದರೆ, ಹೆದೆ ತೆಗೆದಿಟ್ಟಾಗ ಅದು ಉಲ್ಟಾ ದಿಕ್ಕಿಗೆ ಬಾಗಿ ವಿಶ್ರಾಂತಿ ತೆಗೆದುಕೊಳ್ಳುತ್ತದೆ. ಹೆದೆ ಏರಿಸುವಾಗ ಆ ಬಾಗಿಗೆ ವಿರುದ್ಧವಾಗಿ ಅದನ್ನು ಮಣಿಸಬೇಕು. ಅದರ ಶಕ್ತಿಯೆಲ್ಲ ಆ ವಿರೋಧದಲ್ಲೇ ಇರುವುದು. ಇದು ಗೊತ್ತಿಲ್ಲದವರಿಗೆ ಬಿಲ್ಲು ಆಗಲೇ ಅರ್ಧ ಬಾಗಿರುವಂತೆ, ಇನ್ನಷ್ಟು ಬಾಗಿಸಿ ದಾರ ಸಿಕ್ಕಿಸಿದರೆ ಮುಗಿಯಿತು ಎನ್ನುವಂತೆ ಕಾಣುತ್ತದೆ. ಮೋಹನ ಹಾಗೇ ಮಾಡಿದರು. ಬಾಣಲೆಯ ಸದ್ದಿನ ಮೇಲೂ ಅದು ಕೇಳಿಸಿತು. ಓಡಿಬಂದರೆ ಬಿಲ್ಲು ಎರಡು ತುಂಡು, ಎರಡಕ್ಕೂ ಕುಂಕುಮ.

"ಬಾಗಿರೋ ಕಡೆಗೇ ಬಾಗಿಸ್ದೆ ಕಣೆ," ಎಂದರು. "ಲಾಜಿಕಲ್ ಆಗಿತ್ತು."

ಬಿಲ್ಲು ಮುರಿದವನಿಗೆ ಹೆಣ್ಣು ಕೊಟ್ಟು ಮೆರವಣಿಗೆ ಮಾಡಿದ ದೇಶದಿಂದ ಬಂದವಳು ನಾನು. ಆದರೆ ಇವರಿಗೆ ಹೆಣ್ಣು ಆಗಲೇ ಕೊಟ್ಟಾಗಿತ್ತು, ಸೌಟು ಹಿಡಿದು ಎದುರಿಗೇ ನಿಂತಿದ್ದಳು. ಬಾಯಿತುಂಬ ಬೈಯಬೇಕೆಂದಿದ್ದೆ. ಆದರೆ ಆ ಮನುಷ್ಯ ನೆಲದ ಮೇಲೆ ಕೂತು ಎರಡು ತುಂಡುಗಳನ್ನು ಜೋಡಿಸಿ ಜೋಡಿಸಿ ನೋಡುತ್ತಿದ್ದರು. ತಾಯಿಯದೆಂದು ಅವರ ಪಾಲಿಗೆ ಬಂದಿದ್ದ ವಸ್ತು ಅದೊಂದೇ. ಸೌಟು ಕೆಳಗಿಟ್ಟು ನಾನೂ ಪಕ್ಕದಲ್ಲೇ ಕೂತೆ, ಒಲೆಯ ಮೇಲಿನ ಆಂಬೊಡೆ ಸೀದುಹೋಯಿತು.

ಮಾರನೆಯ ದಿನ ಕ್ಲಬ್ಬಿನ ಕ್ಯಾಪ್ಟನ್ ವಾಂಜಿರುಗೆ ಫೋನ್ ಮಾಡಿದೆ. ಕೋರ್ಟಿನಲ್ಲಿ ವಾದಿಸುವ ಲಾಯರಮ್ಮ, ಮಾತು ಕಡಿಮೆ. "ಪೋಲೆ ಸಾನಾ," ಎಂದಳು. ಇಲ್ಲಿಯವರ ಈ 'ಪೋಲೆ' ನನಗೆ ಬಹಳ ಇಷ್ಟ. ಕಾಲೆಡವಿದರೂ ಪೋಲೆ, ಬಾಡಿಗೆ ವ್ಯಾನು ಮಟಾಟು ತಪ್ಪಿದರೂ ಪೋಲೆ, ಸಾವಾದರೂ ಪೋಲೆ. ತಪ್ಪು ಯಾರದೆಂದು ವಿಚಾರಣೆ ನಡೆಸದೆ ನೊಂದವರ ಪಕ್ಕ ಬಂದು ನಿಲ್ಲುವ ಮಾತು. ನಮ್ಮಲ್ಲಾದರೆ 'ಅಯ್ಯೋ ಪಾಪ' ಎಂದ ಮರುಕ್ಷಣ 'ಅದು ಹೇಗೆ ಮುರೀತು, ನೀವೆಲ್ಲಿದ್ರಿ?' ಎಂಬ ಪ್ರಶ್ನೆ ಬರುತ್ತದೆ. ವಾಂಜಿರು ಅದೇನೂ ಕೇಳದೆ, ಹೊಸಬರು ಕಲಿಯುವ ಕ್ಲಬ್ಬಿನ ಬಿಲ್ಲು ತೆಗೆದುಕೊಂಡು ಹೋಗು ಎಂದಳು. ಹೊಸತು ತರಿಸುವಷ್ಟು ಸಮಯವಿರಲಿಲ್ಲ.

ಆ ಬಿಲ್ಲನ್ನು ನೀವು ನೋಡಬೇಕಿತ್ತು. ಬಾಡಿಗೆ ಸೈಕಲ್ಲಿನಂತೆ ಎಲ್ಲರ ಕೈಗೂ ಸಿಕ್ಕಿ ಬಣ್ಣ ಕಳೆದುಕೊಂಡು, ಹಿಡಿಗೆ ಕಪ್ಪು ಟೇಪು ಸುತ್ತಿಸಿಕೊಂಡಿತ್ತು. ಎಳೆತ ಹಗುರ. ಅತ್ತೆಯ ಬಿಲ್ಲಿನಲ್ಲಿ ನೇರ ಹೋಗುತ್ತಿದ್ದ ಬಾಣ ಇದರಲ್ಲಿ ಅರ್ಧದಾರಿಗೇ ಸುಸ್ತಾಗಿ ಹುಲ್ಲಿಗೆ ಇಳಿಯುತ್ತಿತ್ತು. ಮೊದಲ ದಿನ ಒಂದೂ ತಾಗಲಿಲ್ಲ. ಹಾಗಾದರೆ ಗುರಿಯೆಲ್ಲ ಬಿಲ್ಲಿನದೇ, ನನ್ನದು ಬರೀ ಹೆಗಲುನೋವು ಎಂದು ಕಾರಿನಲ್ಲಿ ಕೂತು ಕಣ್ಣೊರೆಸಿಕೊಂಡೆ. ಈ ಸಲ ಹೆಸರು ತೆಗೆಸಿಬಿಡಲೇ ಎಂದೂ ಅನ್ನಿಸಿತು. ತೆಗೆಸಿದ್ದರೆ ಅನುಮಾನ ಅನುಮಾನವಾಗಿಯೇ ಉಳಿಯುತ್ತಿತ್ತು, ಒಂದು ರೀತಿಯಲ್ಲಿ ಸುಖವೇ. ಆದರೆ ಮೋಹನ ಆಫೀಸಿನಿಂದ ನೇರ ಬಂದು, ಆ ಟ್ರಾಫಿಕ್ಕಿನಲ್ಲಿ ಪ್ರತಿ ಸಂಜೆ ನನ್ನನ್ನು ಮೈದಾನಕ್ಕೆ ಕರೆದೊಯ್ದು, ಹುಲ್ಲಿನಲ್ಲಿ ತಡಕಾಡಿ ಬಾಣ ಆರಿಸಿ ತಂದುಕೊಡುತ್ತಿದ್ದರು. ಅಂಥ ಪ್ರಾಯಶ್ಚಿತ್ತವನ್ನು ನಡುವೆ ನಿಲ್ಲಿಸುವುದು ಕ್ರೌರ್ಯ. ಬಿಡುತ್ತ ಹೋದೆ. ಎಷ್ಟು ಎತ್ತರಕ್ಕೆ ನೋಡಿದರೆ ಎಲ್ಲಿಗೆ ಬೀಳುತ್ತದೆಂದು ಕೈಗೆ ನಿಧಾನವಾಗಿ ತಿಳಿಯಿತು.

ಇಲ್ಲಿಯವರು 'ಸಣ್ಣ ಮಳೆ' ಎನ್ನುವ ವರ್ಷಕೊನೆಯ ಮಳೆಗಾಲ ಹಿಡಿಯುವ ಮೊದಲಿನ ಶನಿವಾರ ಬೇಟೆ. ಗಂಡ, ಮಗಳು ಇಬ್ಬರೂ ಜೊತೆಗೆ ಬಂದರು. ಹಂದಿಗೆ ಬಿತ್ತು, ಕತ್ತೆಕಿರುಬಕ್ಕೆ ಬಿತ್ತು, ನರಿ ತಪ್ಪಿತು. ಕೊನೆಯ ಪ್ರಾಣಿ, ಹಳ್ಳದಾಚೆಯ ಫೋಮಿನ ಚಿರತೆ, ಬರುವ ಹೊತ್ತಿಗೆ ನಾನೂ ಹಸ್ಮುಖ್‌ಭಾಯಿಯೂ ಸರಿಸಮ. ಅವರು ಬಿಟ್ಟ ಬಾಣ ಚಿರತೆಯ ತೊಡೆಗೆ ತಾಗಿತು. ಎದೆಗೆ ತಾಗಿದರೆ ಕಪ್ ನನ್ನದು. ಹೆದೆ ಎಳೆದೆ. ಬಾಣದ ತುದಿ ಚಿರತೆಯ ಬಾಲದಿಂದ ಕಿವಿಗೆ, ಕಿವಿಯಿಂದ ಬಾಲಕ್ಕೆ ಓಡಾಡುತ್ತಿತ್ತು.

ಅಷ್ಟರಲ್ಲಿ ಪೊದೆಯಿಂದ ಒಂದು ಡಿಕ್‌ಡಿಕ್ ಹೊರಬಂತು, ಮೊಲಕ್ಕಿಂತ ಒಂದಿಷ್ಟೇ ದೊಡ್ಡದಾದ ಪುಟಾಣಿ ಜಿಂಕೆ. ನೇರ ಹೋಗಿ ಚಿರತೆಯ ಹೊಟ್ಟೆಯ ಕೆಳಗೆ ನಿಂತು ಹುಲ್ಲು ಮೇಯತೊಡಗಿತು. ನಾನು ಬಿಲ್ಲು ಇಳಿಸಿದೆ. ಮೈಗೆ ಹಸಿರು ಬಣ್ಣದ ಬೇಟೆಯ ಬಟ್ಟೆ ತೊಟ್ಟ ಬೇಟೆಗಾರರ ಗುಂಪೊಂದು ಉಸಿರು ಬಿಗಿಹಿಡಿದು, ಕೈಗೆಟುಕುವ ಪ್ರಾಣಿ ದಯವಿಟ್ಟು ಹೋಗಲಿ ಎಂದು ಪ್ರಾರ್ಥಿಸುತ್ತ ನಿಂತಿತ್ತು. ಅದಕ್ಕೇನು ಅವಸರ? ಚಿರತೆಯ ಕಾಲಿಗೆ ಮೂತಿ ಉಜ್ಜಿತು, ನಮ್ಮನ್ನು ನೋಡಿತು, ಮತ್ತೆ ಮೇಯಿತು. ಹಸ್ಮುಖ್‌ಭಾಯಿಗೆ ನಗು ತಡೆಯಲಾಗಲಿಲ್ಲ, ನನಗೂ. ನಕ್ಕು ನಕ್ಕು ಮೈ ಹಗುರವಾಯಿತು. ಅದು ತನಗೆ ಬೇಕಾದಾಗ ಹೊರಟುಹೋದ ಮೇಲೆ ಮತ್ತೆ ಬಿಲ್ಲೆತ್ತಿದರೆ ಬಾಣದ ತುದಿ ನಿಂತಲ್ಲೇ ನಿಂತಿತು. ಎಳೆದೆ, ಚಿರತೆಯ ಬೆನ್ನಿಗಿಂತ ಒಂದು ಗೇಣು ಮೇಲಕ್ಕೆ ನೋಡಿದೆ, ಬಿಟ್ಟೆ. ಎದೆಗೇ ಬಿತ್ತು.

ನಾನು ಕಿರುಚಿದೆ. ಮಾತ್ರೆಗಳ ಗುಣಮಟ್ಟ ನೋಡುವ ಗಂಭೀರ ಹೆಂಗಸು ಮುಳ್ಳುಕಾಡಿನಲ್ಲಿ ಎರಡೂ ಕೈ ಎತ್ತಿ ಕುಣಿದಳು. ಹಸ್ಮುಖ್‌ಭಾಯ್ ಈ ಸಲ ಬಿಲ್ಲಿನತ್ತ ನೋಡಲೇ ಇಲ್ಲ, ನನ್ನ ಕೈ ಹಿಡಿದು ಕುಲುಕಿದರು. ಹೊಸಬರಿಗೆ ಬೇರೆ ತರಿಸುತ್ತೇನೆ, ಇದು ಇನ್ನು ನಿನ್ನದೇ ಎಂದಳು ವಾಂಜಿರು. ಮೋಹನ ಹಳ್ಳ ದಾಟಿ ಹೋಗಿ ಆ ಬಾಣವನ್ನು ಕಿತ್ತು, ಪಂಚೆಯಂತೆ ಮಡಿಸಿದ್ದ ತಮ್ಮ ಕರ್ಚೀಫಿನಲ್ಲಿ ಒರೆಸಿ ತಂದುಕೊಟ್ಟರು.

ಮನೆಗೆ ಬಂದು ಗೋಡೆಗೆ ಮೊಳೆ ಹೊಡೆದು ಟೇಪು ಸುತ್ತಿದ ಬಿಲ್ಲನ್ನು ನೇತುಹಾಕಿದೆ. ಅತ್ತೆಯ ಎರಡು ತುಂಡುಗಳು ಬೀರುವಿನಲ್ಲಿ ತಮ್ಮ ಸೀರೆಯೊಳಗೆ ಸುಖವಾಗಿವೆ. ನಮ್ಮ ಮನೆಯ ಯಾವ ವಸ್ತುವನ್ನೂ ಈವರೆಗೆ ಬೇಕೆಂದು ಕೇಳದ ಇಂಚರ, ಫೋನು ಕೆಳಗಿಟ್ಟು, ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ ತಿರುಗಿ ಕೇಳಿದಳು: "ಅಮ್ಮಾ, ವೆನ್ ಯು ಡೈ, ಕ್ಯಾನ್ ಐ ಹ್ಯಾವ್ ದಿಸ್?"

ನನ್ನ ಸಾವಿನ ವಿಷಯದಲ್ಲಿ ಇಷ್ಟು ಸಂತೋಷದ ಮಾತನ್ನು ಯಾರೂ ಆಡಿರಲಿಲ್ಲ. ಆಗಲಿ ಮರಿ, ಖಂಡಿತ ನಿನಗೇ, ಆದರೆ ನಿಧಾನವಾಗಿ ಎಂದೆ.